ಬ್ಲೇಡ್ ಬದಲಾಯಿತು, ಲಸಿಕೆ ಯಾವಾಗ?

ಮಾನ್ಯ ಆರೋಗ್ಯ ಸಚಿವರೇ,

ಗಿರಾಕಿಯ ಕಣ್ಣೆದುರೇ ಹೊಸ ಬ್ಲೇಡಿನ ಕಾಗದ ಬಿಚ್ಚುವುದು ನಮ್ಮ ಎಷ್ಟೋ ಕ್ಷೌರದಂಗಡಿಗಳಲ್ಲಿ ಈಗ ರೂಢಿಯಾಗಿದೆ. ಏಡ್ಸ್ ಬಗ್ಗೆ ನಡೆದ ಪ್ರಚಾರದ ಪಾಲು ಅದರಲ್ಲಿ ದೊಡ್ಡದು. ಆದರೆ ತಿಳಿವಳಿಕೆ ಅಲ್ಲಿಗೇ ನಿಂತುಬಿಟ್ಟಿದೆ. ಬ್ಲೇಡನ್ನು ಬೆರಳಲ್ಲೇ ಮುರಿದು ಕತ್ತಿಗೆ ಸಿಕ್ಕಿಸುವಾಗ, ಬಳಸಿದ್ದನ್ನು ಕಿತ್ತೆಸೆಯುವಾಗ ಕೊಯ್ಯುವುದು ಕ್ಷೌರಿಕರ ಕೈಯನ್ನೇ. ಗಲ್ಲದಲ್ಲಿ ರಕ್ತ ಜಿನುಗಿದರೆ ಉಜ್ಜುವ ಪಟಿಕದ ಗಟ್ಟಿ ಹಲವೆಡೆ ಇಂದಿಗೂ ಎಲ್ಲರಿಗೂ ಒಂದೇ. ಬ್ಯೂಟಿ ಪಾರ್ಲರುಗಳಲ್ಲಿ ಬ್ಲ್ಯಾಕ್‌ಹೆಡ್ ತೆಗೆಯುವ ಕಡ್ಡಿ, ಉಗುರಿನ ಅಂಚು ಕತ್ತರಿಸುವ ಸಾಧನಗಳ ಕತೆಯೂ ಬೇರೆಯಲ್ಲ.

ಇಲ್ಲಿ ಎಚ್‌ಐವಿಗಿಂತ ಹೆಚ್ಚು ಎಚ್ಚರ ಬೇಕಿರುವುದು ಹೆಪಟೈಟಿಸ್ ಬಿ ಬಗ್ಗೆ. ಸೋಂಕಿತರಿಗೆ ಬಳಸಿದ ಸೂಜಿ ಚುಚ್ಚಿದ ಆಸ್ಪತ್ರೆ ಸಿಬ್ಬಂದಿಯಲ್ಲಿ ಎಚ್‌ಐವಿ ತಗಲುವುದು ಸಾವಿರಕ್ಕೆ ಸುಮಾರು 3 ಮಂದಿಗೆ. ಲಸಿಕೆ ಪಡೆಯದವರಿಗೆ ಹೆಪಟೈಟಿಸ್ ಬಿ ತಗಲುವುದು ನೂರಕ್ಕೆ 6ರಿಂದ 30 ಮಂದಿಗೆ. ಸೂಜಿಯ ಲೆಕ್ಕ ಬ್ಲೇಡಿಗೆ ಹಾಗೆಯೇ ಹೊಂದುವುದಿಲ್ಲ, ನಿಜ. ಆದರೂ ಯಾವ ವೈರಸ್ ಎಷ್ಟು ಸಲೀಸಾಗಿ ದಾಟುತ್ತದೆ ಎಂಬುದು ಅದರಿಂದ ಗೊತ್ತಾಗುತ್ತದೆ. ದೇಹದ ಹೊರಗೆ, ಕಣ್ಣಿಗೆ ಕಾಣದಷ್ಟು ಒಣರಕ್ತದಲ್ಲೂ, ಹೆಪಟೈಟಿಸ್ ಬಿ ವೈರಸ್ ಕನಿಷ್ಠ 7 ದಿನ ಸೋಂಕು ತಗಲಿಸಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 3 ಕೋಟಿ ಜನರಲ್ಲಿ ಈ ಸೋಂಕಿತ್ತು. ಅವರಲ್ಲಿ ಹೆಚ್ಚಿನವರಿಗೆ ಅದು ಗೊತ್ತೇ ಇಲ್ಲ. ಇನ್ನು ಕ್ಷೌರಿಕರಿಗೆ ಗೊತ್ತಾಗುವುದೆಲ್ಲಿ?

ಕ್ಷೌರದಂಗಡಿಯಿಂದಲೇ ಇಷ್ಟು ಮಂದಿಗೆ ಹರಡಿತೆಂಬ ಲೆಕ್ಕವಿದೆಯೇ ಎಂದು ನಿಮ್ಮ ಅಧಿಕಾರಿಗಳು ಕೇಳಬಹುದು. ಅಂಥ ಲೆಕ್ಕ ಸಿಗುವುದು ಕಷ್ಟ: ಯಕೃತ್ತು ಕೆಟ್ಟು ರೋಗ ಬಯಲಾಗುವ ಹೊತ್ತಿಗೆ ಎಷ್ಟೋ ವರ್ಷಗಳು ಕಳೆದಿರುತ್ತವೆ. ಆ ಸಣ್ಣ ಗಾಯ ಯಾರ ನೆನಪಿನಲ್ಲೂ ಇರುವುದಿಲ್ಲ. ಒಂದು ಕ್ಷೌರದ ಅಪಾಯ ಸಣ್ಣದೇ, ಒಪ್ಪುತ್ತೇನೆ. ಆದರೆ ಕ್ಷೌರಿಕರು ಅದನ್ನು ಜೀವನವಿಡೀ, ದಿನಕ್ಕೆ ಹತ್ತಾರು ಸಲ ಎದುರಿಸುತ್ತಾರೆ. ಕ್ಷೌರವೃತ್ತಿಯ ಸವಿತಾ ಸಮಾಜದ ಮೇಲೆ ಇನ್ನೊಂದು ಕಳಂಕ ಹೊರಿಸಿದಂತಾಗುತ್ತದೆ ಎಂಬ ಮಾತು ಅಧಿಕಾರಿಗಳ ಆ ಪ್ರಶ್ನೆಗಿಂತ ತೂಕದ್ದು. ಅದಕ್ಕೇ ಹೇಳುತ್ತಿದ್ದೇನೆ: ದಾಳಿ, ದಂಡದಿಂದ ಶುರುಮಾಡಬೇಡಿ, ಲಸಿಕೆಯಿಂದ ಶುರುಮಾಡಿ. ಅವರನ್ನು ಸೋಂಕು ಹರಡುವವರೆಂದಲ್ಲ, ಸೋಂಕಿನಿಂದ ರಕ್ಷಣೆ ಬೇಕಾದ ದುಡಿಯುವವರೆಂದು ಕಾಣಿರಿ.

ಮಕ್ಕಳ ಲಸಿಕೆ ಪಟ್ಟಿಗೆ ಹೆಪಟೈಟಿಸ್ ಬಿ ದೇಶದಾದ್ಯಂತ ಸೇರಿದ್ದು 2011ರ ಹೊತ್ತಿಗೆ. ಇಂದು ಕತ್ತಿ, ಕತ್ತರಿ ಹಿಡಿದಿರುವ ಬಹುಪಾಲು ಮಂದಿ ಅದಕ್ಕೂ ಮೊದಲು ಹುಟ್ಟಿದವರು. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಚಿಕಿತ್ಸೆ ಉಚಿತ. ಆರೋಗ್ಯ ಕಾರ್ಯಕರ್ತರಿಗೆ ಲಸಿಕೆಯೂ ಉಂಟು. ರಕ್ತದ ಸಂಪರ್ಕಕ್ಕೆ ಬರುವ ಕ್ಷೌರಿಕರು, ಪಾರ್ಲರ್ ಕೆಲಸಗಾರರಿಗೂ ರಾಜ್ಯದ ಖರ್ಚಿನಲ್ಲಿ ಆರು ತಿಂಗಳೊಳಗೆ ಮೂರು ಡೋಸ್ ಕೊಡಿಸಿ. ಬಹುತೇಕ ಅಂಗಡಿಗಳಿಗೆ ಮಂಗಳವಾರ ರಜೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಆ ದಿನವೇ ಶಿಬಿರ ಇಡಿಸಿ, ಉಪಕರಣಗಳನ್ನು ಬ್ಲೀಚ್ ದ್ರಾವಣದಲ್ಲಿ ನೆನೆಸುವ ಕ್ರಮವನ್ನೂ ಅಲ್ಲೇ ಕಲಿಸಿ.