ಮುಂದಿನ ಹಾಡು ಯಾರ ಆಯ್ಕೆ?

ಅಡುಗೆ ಮಾಡುತ್ತಾ ಮೊಬೈಲಿನಲ್ಲಿ ಒಂದು ಹಾಡು ಹಾಕುತ್ತೀರಿ. ಅದು ಮುಗಿದೊಡನೆ, ನೀವು ಮುಟ್ಟದಿದ್ದರೂ ಇನ್ನೊಂದು ಶುರುವಾಗುತ್ತದೆ. ಅದರ ಬೆನ್ನಿಗೇ ಮತ್ತೊಂದು. ಅವನ್ನು ಆರಿಸಿದವರು ಯಾರೆಂದು ಎಂದಾದರೂ ಯೋಚಿಸಿದ್ದೀರಾ?

ರೇಡಿಯೋ ಕಾಲದಲ್ಲಿ ಇದಕ್ಕೆ ಉತ್ತರ ಸುಲಭವಿತ್ತು. 1952ರಲ್ಲಿ ರೇಡಿಯೋ ಸಿಲೋನ್‌ನಲ್ಲಿ ಅಮೀನ್ ಸಯಾನಿಯವರ ಬಿನಾಕಾ ಗೀತ್‌ಮಾಲಾ ಆರಂಭವಾಯಿತು. ಅಲ್ಲಿ ಹಾಡುಗಳನ್ನು ಆರಿಸುತ್ತಿದ್ದವರು ಮನುಷ್ಯರು. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಒಂದೇ ಹಾಡು ಕೇಳುತ್ತಿದ್ದರು. ಯಾರು ಕೇಳಿದರು, ಎಷ್ಟು ಹೊತ್ತು ಕೇಳಿದರು ಎಂಬುದು ಆ ಪೆಟ್ಟಿಗೆಗೆ ಗೊತ್ತೇ ಇರಲಿಲ್ಲ.

1994ರ ನವೆಂಬರ್‌ನಲ್ಲಿ ಅಮೆರಿಕದ ಉತ್ತರ ಕೆರೊಲಿನಾದ ಡಬ್ಲ್ಯು.ಎಕ್ಸ್.ವೈ.ಸಿ. ಎಂಬ ವಿದ್ಯಾರ್ಥಿಗಳ ಬಾನುಲಿ ಕೇಂದ್ರವು ತನ್ನ ಪ್ರಸಾರವನ್ನು ಇಂಟರ್‌ನೆಟ್‌ನಲ್ಲೂ ಕೇಳಿಸಿತು. ಆಗಲೂ ಹಾಡು ಆರಿಸುವವರು ಕೇಂದ್ರದವರೇ. ನಿಜವಾದ ಬದಲಾವಣೆ ಬಂದದ್ದು ಆಮೇಲೆ. ಅಮೆರಿಕದ ಪಂಡೋರಾ ಕಂಪೆನಿ ಸಂಗೀತಗಾರರನ್ನು ಕೂರಿಸಿ, ಒಂದೊಂದು ಹಾಡಿನ ಲಯ, ದನಿ, ವಾದ್ಯಗಳ ಗುಣವನ್ನು ಪಟ್ಟಿ ಮಾಡಿಸಿತು. ನಿಮಗೆ ಮೆಚ್ಚುಗೆಯಾದ ಹಾಡಿನಂಥದ್ದೇ ಇನ್ನೊಂದನ್ನು ಕೊಡುವುದು ಅದರ ದಾರಿ. 2002ರಲ್ಲಿ ಲಂಡನ್‌ನಲ್ಲಿ ಶುರುವಾದ ಲಾಸ್ಟ್ ಎಫ್‌ಎಂ, ನಿಮ್ಮಂತೆಯೇ ಕೇಳುವ ಇತರರು ಏನು ಕೇಳುತ್ತಾರೆಂದು ನೋಡಿ ಅದನ್ನು ನಿಮ್ಮ ಮುಂದಿಟ್ಟಿತು. ಇಂದಿನ ಸೇವೆಗಳು ಈ ಎರಡೂ ಬಗೆಯ ಲೆಕ್ಕಾಚಾರವನ್ನು ಬಳಸುತ್ತವೆ. ನಮ್ಮಲ್ಲಿ ಸಾವನ್, ಗಾನಾ ಮೊದಲೇ ಇದ್ದವು. 2016ರಲ್ಲಿ ಜಿಯೋ ಬಂದು ಡಾಟಾ ಅಗ್ಗವಾದ ಮೇಲೆ ಇವು ಮನೆಮನೆ ಹೊಕ್ಕವು. 2019ರಲ್ಲಿ ಸ್ವೀಡನ್ನಿನ ಸ್ಪಾಟಿಫೈ ಕೂಡಾ ಬಂತು.

ಇದರಿಂದ ಲಾಭವಿಲ್ಲವೆಂದಲ್ಲ. ಕ್ಯಾಸೆಟ್ ಅಂಗಡಿ ಅಲೆದರೂ ಸಿಗದಿದ್ದ ಹಳೆಯ ಕವ್ವಾಲಿ, ಬೇಗಂ ಅಖ್ತರ್‌ರ ಗಝಲ್ ಈಗ ಕ್ಷಣದಲ್ಲಿ ಸಿಗುತ್ತದೆ. ಆದರೆ ಹಾಡನ್ನು ಅರ್ಧಕ್ಕೆ ಬಿಟ್ಟದ್ದು, ಮತ್ತೆ ಮತ್ತೆ ಕೇಳಿದ್ದು ಎಲ್ಲವೂ ಅಲ್ಲಿ ದಾಖಲಾಗುತ್ತದೆ. ಅದೇ ಮೊಬೈಲನ್ನು ತಾಯಿ ಹಿಡಿದಿದ್ದಾಳೋ, ಎಂಟು ವರ್ಷದ ಮಗ ಹಿಡಿದಿದ್ದಾನೋ ಆ ಲೆಕ್ಕಕ್ಕೆ ತಿಳಿಯದು. ದೊಡ್ಡವರು ಕೇಳಿದ್ದರ ಜಾಡು ಹಿಡಿದು ಮಗುವಿಗೂ ಹಾಡು ಬರುತ್ತದೆ. ಮನಸ್ಸು ಕುಗ್ಗಿದ ಮಗಳು ರಾತ್ರಿ ಒಂದು ದುಃಖದ ಹಾಡು ಕೇಳಿದರೆ, ಅಂಥವೇ ಇನ್ನಷ್ಟು ಸಾಲುಗಟ್ಟಿ ನಿಲ್ಲಬಹುದು. ತಾಯಿಯಾದರೆ "ಯಾಕಮ್ಮಾ, ಏನಾಯಿತು?" ಎಂದು ಕೇಳುತ್ತಾಳೆ. ಯಂತ್ರ ಕೇಳುವುದಿಲ್ಲ. ನೀವು ನಿಲ್ಲಿಸದಿದ್ದರೆ ಸಾಕು ಅದಕ್ಕೆ!

ಹಾಗಾದರೆ ಏನು ಮಾಡೋಣ? ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಆಟೋಪ್ಲೇ ಎಂದಿದ್ದರೆ ಆರಿಸಿಬಿಡಿ. ಕೇಳಿದ ಹಾಡು ಮುಗಿದಾಗ ಅದು ನಿಲ್ಲುತ್ತದೆ. ಅಸಭ್ಯ ಪದಗಳ ಹಾಡುಗಳನ್ನು ತಡೆಯುವ ಸೌಲಭ್ಯ ಸ್ಪಾಟಿಫೈಯಂಥ ಸೇವೆಗಳಲ್ಲಿದೆ, ಅದನ್ನೂ ಬಳಸಿ. ಆದರೆ ಹಾಡನ್ನು ಹೊರತಂದವರು ಹಾಗೆಂದು ಗುರುತು ಹಾಕಿದ್ದರೆ ಮಾತ್ರ ಅದು ಹಿಡಿಯುತ್ತದೆ. ಆದುದರಿಂದ ಅದೊಂದನ್ನೇ ನಂಬಿ ಕೂರಬೇಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡ ಮಕ್ಕಳನ್ನು ಗದರಿಸುವ ಬದಲು ಬಳಿಯಲ್ಲಿ ಕುಳಿತು, "ಏನು ಕೇಳುತ್ತಿದ್ದೀ? ನನಗೂ ಸ್ವಲ್ಪ ಕೇಳಿಸು" ಎನ್ನಿ. ಒಂದೇ ಮನೆಯಲ್ಲಿ ನಾಲ್ಕು ಕಿವಿಗಳಲ್ಲಿ ನಾಲ್ಕು ರೇಡಿಯೋ ಹಾಡುವ ಕಾಲವಿದು. ಮಗಳ ಮನಸ್ಸು ಯಾವ ಹಾಡಿನಲ್ಲಿದೆಯೆಂದು ಕಂಪೆನಿಗಿಂತ ಮೊದಲು ತಾಯಿಗೆ ತಿಳಿದಿರಲಿ.