ರನ್ನನ ದುರ್ಯೋಧನ ಮತ್ತು ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆ

ಹತ್ತನೆಯ ತರಗತಿಯ ಪ್ರಥಮಭಾಷಾ ಕನ್ನಡ ಪಠ್ಯದಲ್ಲಿ ರನ್ನನ ‘ಗದಾಯುದ್ಧ’ದ ಒಂದು ಭಾಗ ‘ಛಲಮನೆ ಮೆಱೆವೆಂ’ ಎಂಬ ಹೆಸರಿನಿಂದ ಪದ್ಯಪಾಠವಾಗಿ ಬಂದಿದೆ. ಶರಶಯ್ಯೆಯಲ್ಲಿ ಮಲಗಿದ ಭೀಷ್ಮ ಸಂಧಿ ಮಾಡಿಕೊಳ್ಳೆಂದು ಹೇಳುತ್ತಾನೆ. ದುರ್ಯೋಧನ ಒಪ್ಪುವುದಿಲ್ಲ. ತಾನು ಹೋರಾಡುವುದು ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಎನ್ನುತ್ತಾನೆ. ಕರ್ಣನನ್ನು ಕೊಲ್ಲಿಸಿದ ನೆಲ ತನ್ನ ಪಾಲಿಗೆ ಪಾಳುನೆಲ ಎನ್ನುತ್ತಾನೆ. ಪಾಠ ಆ ಛಲದ ಮಾತಿನಲ್ಲಿಯೇ ಮುಗಿಯುತ್ತದೆ. ಕಾವ್ಯ ಅಲ್ಲಿ ಮುಗಿಯುವುದಿಲ್ಲ. ಛಲವನ್ನೇ ಮೆರೆಸುವೆನೆಂದ ಇದೇ ದುರ್ಯೋಧನ ಸ್ವಲ್ಪ ಹೊತ್ತಿನಲ್ಲಿಯೇ ಭೀಷ್ಮನ ಇನ್ನೊಂದು ಸಲಹೆಗೆ ತಲೆಬಾಗಿ ವೈಶಂಪಾಯನ ಸರೋವರದ ನೀರಿನಲ್ಲಿ ಅಡಗುತ್ತಾನೆ.

ಈ ಎರಡನ್ನೂ ಒಟ್ಟಿಗೆ ಹಿಡಿದು ನೋಡದ ಓದು ಗದಾಯುದ್ಧದ ಓದಲ್ಲ. ಹೀಗಿರುವಾಗ, ಹದಿನೈದು ಹದಿನಾರರ ವಯಸ್ಸಿನ ವಿದ್ಯಾರ್ಥಿ ಇದನ್ನು ಎಷ್ಟು ಗ್ರಹಿಸಿದ್ದಾನೆ ಎಂಬುದನ್ನು ಅಳೆಯಲು ಇಂದು ಬಳಕೆಯಲ್ಲಿರುವ ಅಳತೆಗೋಲು ಯಾವುದು? ಕವಿಯ ಕಾಲ, ಸ್ಥಳ, ಕೃತಿ, ಬಿರುದು, ಪದ್ಯಭಾಗದ ಪೂರಣ, ಸಂದರ್ಭದೊಡನೆ ಸ್ವಾರಸ್ಯ, ಪದ್ಯದ ಸಾರಾಂಶ. ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲಿ ಸ್ಮರಣೆ, ಗ್ರಹಿಕೆ, ಅಭಿವ್ಯಕ್ತಿ, ಪ್ರಶಂಸೆ ಎಂದು ಬೇರೆ ಬೇರೆ ಉದ್ದೇಶಗಳು ಇರುವುದು ನಿಜ. ಆದರೆ ಗ್ರಹಿಕೆಯ ಹೆಸರಿನಲ್ಲಿ ಕೇಳುವ ಪ್ರಶ್ನೆಗೂ ಉತ್ತರ ತರಗತಿಯಲ್ಲಿ ಬರೆಸಿದ ಟಿಪ್ಪಣಿಯಲ್ಲಿಯೇ ಸಿದ್ಧವಾಗಿದ್ದರೆ, ಅದು ಇನ್ನೊಂದು ಬಗೆಯ ಸ್ಮರಣೆಯಷ್ಟೇ. ‘ಸ್ವಾರಸ್ಯ’ ಎಂಬ ಮಾತಿನ ಗತಿಯಂತೂ ಶೋಚನೀಯ. ಮೂಲದಲ್ಲಿ ಅದು ಸಹೃದಯನ ಅನುಭವಕ್ಕೆ ಸಂಬಂಧಿಸಿದ ಪದ; ಉತ್ತರಪತ್ರಿಕೆಯಲ್ಲಿ ಅದು ಆಯ್ಕೆ, ಸಂದರ್ಭಗಳ ನಂತರ ತುಂಬಬೇಕಾದ ಮೂರನೆಯ ಖಾನೆ.

ಇದಕ್ಕಿಂತ ಮೂಲಭೂತವಾದ ತೊಡಕು ಪ್ರಕಾರದ್ದು. ಗದಾಯುದ್ಧದೊಳಗಿನ ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು ಕಂಡರು. ರನ್ನನ ಪದ್ಯಗಳನ್ನೇ ಆಯ್ದು ಜೋಡಿಸಿ ‘ಗದಾಯುದ್ಧ ನಾಟಕ’ವನ್ನು ರೂಪಿಸಿದರು. ಗ್ರೀಕ್ ರುದ್ರನಾಟಕಗಳಲ್ಲಿ ಮುಳುಗಿದ್ದ ಅವರಿಗೆ ಸೊಫೊಕ್ಲಿಸನ ಅಯಾಸನಲ್ಲಿ ಅಶ್ವತ್ಥಾಮ ಕಂಡಂತೆಯೇ ರನ್ನನ ದುರ್ಯೋಧನನಲ್ಲಿ ದುರಂತನಾಯಕ ಕಂಡನು. ‘ಸಾಹಸಭೀಮ ವಿಜಯ’ವೆಂಬ ಹೆಸರಿಟ್ಟು, ಚಾಲುಕ್ಯ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದ ಕಾವ್ಯದಲ್ಲಿ ಸೋತವನೇ ಓದುಗನ ಮನಸ್ಸನ್ನು ಗೆಲ್ಲುವುದು ಹೇಗೆ, ನಾಯಕ ಯಾರು ಎಂಬ ಚರ್ಚೆ ಕನ್ನಡ ವಿಮರ್ಶೆಯಲ್ಲಿ ಇನ್ನೂ ಹಳೆಯದಾಗಿಲ್ಲ. ವಿದ್ವಾಂಸರು ಒಮ್ಮತಕ್ಕೆ ಬಾರದ ಈ ವಿಷಯಕ್ಕೆ ಪ್ರೌಢಶಾಲೆಯಲ್ಲಿ ಮಾತ್ರ ಒಂದೇ ಮಾದರಿ ಉತ್ತರವಿರುವುದು ವಿಚಿತ್ರ.

ನಾಟಕದ ಮಾತಿಗೆ ಕೇಳುವವನೊಬ್ಬ ಇರುತ್ತಾನೆ, ಸಾರಾಂಶಕ್ಕೆ ಇರುವುದಿಲ್ಲ. ‘ದುರ್ಯೋಧನನ ಛಲವನ್ನು ವಿವರಿಸಿ’ ಎಂದು ಕೇಳಿದ ಕೂಡಲೇ ಎದುರಿಗೆ ಬಾಣಗಳ ಮೇಲೆ ಮಲಗಿರುವ ಮುದುಕ ಮಾಯವಾಗುತ್ತಾನೆ. ಆ ಮಾತು ಅವನನ್ನು ಎಲ್ಲಿ ತಾಗಿತು? ಸಂಧಿ ಬೇಡವೆಂದವನಿಗೆ ಅಡಗಿರುವ ದಾರಿಯನ್ನು ಭೀಷ್ಮನೇ ಏಕೆ ತೋರಿಸುತ್ತಾನೆ? ಬಲರಾಮನೇ ಮೊದಲಾದವರು ಬಂದು ಕೂಡಿಕೊಳ್ಳುವವರೆಗೆ ಮೊಮ್ಮಗನ ಜೀವ ಉಳಿಯಲಿ ಎಂಬ ಅಜ್ಜನ ಆಸೆಯೇ, ಅವನ ಸ್ವಭಾವ ಬದಲಾಗದೆಂಬ ಅರಿವೇ? ಇವುಗಳಿಗೆ ಪಠ್ಯದ ಆಧಾರದಿಂದಲೇ ಉತ್ತರಿಸಬಹುದು, ಆದರೆ ಕಂಠಪಾಠದಿಂದ ಉತ್ತರಿಸಲಾಗದು.

ಜೈನ ಪರಿಭಾಷೆಯ ಪರಿಚಯವುಳ್ಳವರು ಇಲ್ಲಿ ಇನ್ನೊಂದನ್ನು ಗಮನಿಸುತ್ತಾರೆ. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳನ್ನು ಅಜಿತಪುರಾಣದ ಕವಿ ಬಲ್ಲ. ನೆಲದಾಸೆ ಇಲ್ಲವೆನ್ನುವ ದುರ್ಯೋಧನ ತಾನು ಲೋಭವನ್ನು ದಾಟಿದ್ದೇನೆಂದು ಹೇಳುತ್ತಿದ್ದಾನೆ. ಹೇಳುತ್ತಿರುವುದು ಮಾನ ಕಷಾಯದ ನಡುವೆ ನಿಂತು. ಆದರೆ ರನ್ನ ತನ್ನ ಲೌಕಿಕ ಕಾವ್ಯದಲ್ಲಿ ಈ ತೀರ್ಪನ್ನು ಉಚ್ಚರಿಸುವುದಿಲ್ಲ. ಶತ್ರುವಿನ ಮಗ ಅಭಿಮನ್ಯುವಿನ ಶವದ ಮುಂದೆ ನಿಂತು ಅವನ ಶೌರ್ಯವನ್ನು ಹೊಗಳಬಲ್ಲ ದೊಡ್ಡತನವನ್ನೂ ಅದೇ ದುರ್ಯೋಧನನಿಗೆ ಕೊಡುತ್ತಾನೆ. ಉತ್ತರಪತ್ರಿಕೆಯಲ್ಲಿ ‘ಛಲ ಕೆಟ್ಟದ್ದು’ ಎಂದು ಬರೆದವಳೂ ‘ಛಲ ಮೆಚ್ಚತಕ್ಕದ್ದು’ ಎಂದು ಬರೆದವಳೂ ಅರ್ಧವನ್ನೇ ಓದಿರುತ್ತಾರೆ. ಎರಡರ ನಡುವೆ ತಡವರಿಸಿದವಳು ಹೆಚ್ಚು ಓದಿರುವ ಸಾಧ್ಯತೆಯಿದೆ. ಮಾದರಿ ಉತ್ತರದ ಪ್ರಕಾರ ಅಂಕ ಕಳೆದುಕೊಳ್ಳುವವಳೂ ಅವಳೇ.

ಹಳಗನ್ನಡ ಗ್ರಾಮೀಣ ಮಕ್ಕಳಿಗೆ ಎಟುಕದು, ಅವರಿಂದ ಇಷ್ಟನ್ನು ನಿರೀಕ್ಷಿಸುವುದು ಅನ್ಯಾಯ ಎಂಬ ಮಾತು ಕೇಳಿಬರುತ್ತದೆ. ಇದು ಅನುಕಂಪದಂತೆ ತೋರುವ ಅಸಡ್ಡೆ. ಗಜೇಂದ್ರಗಡದ ಸಮೀಪದ ಪುರ್ತಗೇರಿಯಂತಹ ಊರಿನ ವಿದ್ಯಾರ್ಥಿಯನ್ನೇ ತೆಗೆದುಕೊಳ್ಳಬಹುದು. ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆಯ ಲಕ್ಕುಂಡಿ ಅವನದೇ ಗದಗ ಜಿಲ್ಲೆಯಲ್ಲಿದೆ. ರನ್ನ ಹುಟ್ಟಿದ ಮುಧೋಳ ನೆರೆಯ ಬಾಗಲಕೋಟೆ ಜಿಲ್ಲೆಯಲ್ಲಿದೆ. ಸತ್ಯಾಶ್ರಯನ ತಮ್ಮನ ಮಗಳು ಅಕ್ಕಾದೇವಿಯ ಹೆಸರನ್ನು ಹೇಳುವ ಶಾಸನಗಳು ಪಕ್ಕದ ಸೂಡಿಯಲ್ಲಿವೆ. ಇವೆಲ್ಲ ಹೆಮ್ಮೆಗೆ ಸರಿ, ಗ್ರಹಿಕೆಗೆ ನೇರವಾಗಿ ಒದಗುವುದಿಲ್ಲ ಎನ್ನಬಹುದು. ಒದಗುವುದು ಬೇರೆ. ‘ಪಾಳು’ ಎಂದರೇನೆಂದು ಮಳೆಯಾಶ್ರಿತ ಸೀಮೆಯ ಮಗುವಿಗೆ ಪದಕೋಶ ಹೇಳಬೇಕಾಗಿಲ್ಲ. ಬಿತ್ತದೆ ಬಿಟ್ಟ ಹೊಲವನ್ನು ಅದು ನೋಡಿರುತ್ತದೆ. ದೊಡ್ಡಾಟದ ಅಟ್ಟದ ಮೇಲೆ ಗದೆ ಹೊತ್ತು ಆರ್ಭಟಿಸುವ ಕೌರವನೂ ಈ ಭಾಗಕ್ಕೆ ಹೊಸಬನಲ್ಲ. ಪದದ ಅರ್ಥವನ್ನು ಪುಟದ ಅಂಚಿನಲ್ಲಿ ಕೊಟ್ಟುಬಿಟ್ಟು, ಆ ಹೊಲದಿಂದ ಈ ಮಾತಿಗೆ ಬರುವ ದಾರಿಯನ್ನು ಕೇಳಿದರೆ ಮಕ್ಕಳು ಉತ್ತರಿಸಬಲ್ಲರು.

ಮೌಲ್ಯಮಾಪಕರ ಕಷ್ಟವನ್ನು ಕಡೆಗಣಿಸುವಂತಿಲ್ಲ. ರಾಶಿ ಉತ್ತರಪತ್ರಿಕೆಗಳ ಮುಂದೆ ಕುಳಿತವರಿಗೆ ಏಕರೂಪದ ಮಾನದಂಡ ಬೇಕು; ಮಾನದಂಡವಿಲ್ಲದ ಕಡೆ ಮೌಲ್ಯಮಾಪಕರ ಇಷ್ಟಾನಿಷ್ಟಗಳು ನುಸುಳುತ್ತವೆ, ಅದರ ಹಾನಿಯೂ ಬಡ ಮಕ್ಕಳಿಗೇ. ಆದ್ದರಿಂದ 100 ಅಂಕಗಳ ಲಿಖಿತ ಪರೀಕ್ಷೆಯನ್ನು ಒಮ್ಮೆಗೇ ತಿರುಗಿಸಿಡಬೇಕಾಗಿಲ್ಲ. ಪ್ರಥಮಭಾಷೆಗೆ 25 ಆಂತರಿಕ ಅಂಕಗಳಿವೆ. ಯೋಜನೆ, ಚಟುವಟಿಕೆಗಳ ಹೆಸರಿನಲ್ಲಿ ಚಿತ್ರ ಅಂಟಿಸಿದ ಕಡತಗಳಿಗೆ ಅವು ವ್ಯಯವಾಗುವ ಬದಲು, ಇಬ್ಬರು ವಿದ್ಯಾರ್ಥಿಗಳು ಭೀಷ್ಮ–ದುರ್ಯೋಧನರ ಸಂವಾದವನ್ನು ಗಟ್ಟಿಯಾಗಿ ಓದಲಿ. ಎಲ್ಲಿ ನಿಲ್ಲಿಸುತ್ತಾರೆ, ಯಾವ ಪದವನ್ನು ಒತ್ತುತ್ತಾರೆ ಎಂಬುದರಲ್ಲಿಯೇ ತಿಳಿದದ್ದೂ ತಿಳಿಯದಿರುವುದೂ ಗೊತ್ತಾಗುತ್ತದೆ. ಅನಂತರ ಅಧ್ಯಾಪಕರು ಸರೋವರದ ಪ್ರಸಂಗವನ್ನು ಕತೆಯಾಗಿ ಹೇಳಲಿ: ಭೀಮನ ಗರ್ಜನೆಗೆ ನೀರಿನೊಳಗೂ ಬೆವರಿ, ತಾಳಲಾರದೆ ದುರ್ಯೋಧನ ಮೇಲೆದ್ದು ಬಂದದ್ದನ್ನು, ತೊಡೆ ಮುರಿದು ಬಿದ್ದದ್ದನ್ನು. ಹೇಳಿ, ಒಂದೇ ಪ್ರಶ್ನೆ ಕೇಳಲಿ. ಅಡಗಿದವನ ಛಲದ ಮಾತು ಸುಳ್ಳಾಯಿತೇ, ಮೇಲೆದ್ದು ಬಂದದ್ದರಿಂದ ನಿಜವಾಯಿತೇ? ‘ಸುಳ್ಳು’ ಎಂದವರಿಗೂ ‘ನಿಜ’ ಎಂದವರಿಗೂ ಪೂರ್ಣ ಅಂಕ ಸಿಗಬಹುದು, ಪಠ್ಯದಿಂದ ಒಂದು ಮಾತನ್ನು ಎತ್ತಿ ತೋರಿಸಿದರೆ. ತೋರಿಸದಿದ್ದರೆ ಎರಡಕ್ಕೂ ಇಲ್ಲ.