ಕಸದ ಬೆಟ್ಟದ ಮೇಲೊಂದು ಉದ್ಯಾನ: ಮುಚ್ಚಿದ್ದೆಲ್ಲ ಮಾಯವಾಗುವುದಿಲ್ಲ

ಮನೆಯ ಕಸ ಬೀದಿಯ ಗಾಡಿಗೆ ಸೇರಿದರೆ, ಊರಿನ ಕಸ ಊರಾಚೆಗೆ ಹೋದರೆ, ಅದರ ಕಥೆ ಅಲ್ಲಿಗೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ಬೆಂಗಳೂರಿನ ಹೊರವಲಯದ ಮಾವಳ್ಳಿಪುರ ಹಾಗೂ ಮಂಡೂರಿನ ಜನರ ಪಾಲಿಗೆ ಆ ಕಥೆ ಆರಂಭವಾದದ್ದೇ ಅಲ್ಲಿಂದ. ದುರ್ವಾಸನೆ, ನೊಣ, ಕೆಟ್ಟುಹೋದ ಬಾವಿನೀರು ಇವುಗಳ ನಡುವೆ ವರ್ಷಗಟ್ಟಲೆ ಬದುಕಿದ ಆ ಗ್ರಾಮಸ್ಥರು ರಸ್ತೆಗಿಳಿದು ಪ್ರತಿಭಟಿಸಿದ ಮೇಲೆ 2012ರಲ್ಲಿ ಮಾವಳ್ಳಿಪುರದ ಘಟಕ ಮುಚ್ಚಿತು. 2014ರ ಅಂತ್ಯಕ್ಕೆ ಮಂಡೂರಿಗೆ ಕಸ ಸಾಗಿಸುವುದೂ ನಿಂತಿತು. ಲಾರಿಗಳು ಬರುವುದು ನಿಂತರೂ ಅವು ಸುರಿದು ಹೋದ ರಾಶಿಗಳು ಅಲ್ಲಿಯೇ ಉಳಿದವು.

ಇಂತಹ ಹಳೆಯ ರಾಶಿಗಳು ದೇಶದ ಬಹುತೇಕ ನಗರಗಳ ಅಂಚಿನಲ್ಲಿವೆ. ಇವನ್ನೆಲ್ಲ ತೆರವುಗೊಳಿಸಬೇಕೆಂಬುದು 2021ರ ಅಕ್ಟೋಬರ್‌ನಲ್ಲಿ ಆರಂಭವಾದ ಸ್ವಚ್ಛ ಭಾರತ ಅಭಿಯಾನದ ಎರಡನೆಯ ಹಂತದ ಗುರಿಗಳಲ್ಲೊಂದು. ಹೀಗಾಗಿ, ಕಸ ಮುಚ್ಚಿದ ನೆಲವನ್ನು ಏನು ಮಾಡಬೇಕು ಎಂಬ ಪ್ರಶ್ನೆ ಇಂದು ನಮ್ಮೆದುರಿಗಿದೆ. ಅಲ್ಲೊಂದು ಉದ್ಯಾನವನ್ನೋ ಕೆರೆಯಂಗಳವನ್ನೋ ನಿರ್ಮಿಸಿ ಸಮುದಾಯಕ್ಕೆ ಒಪ್ಪಿಸಬಾರದೇಕೆ ಎಂಬ ಮಾತು ಯಾರ ಮನಸ್ಸಿಗಾದರೂ ಹಿತವೆನಿಸುತ್ತದೆ. ಅದು ಸಾಧ್ಯವಾದ ಸ್ಥಳಗಳೂ ಜಗತ್ತಿನಲ್ಲಿವೆ. ಆದರೆ ಅಲ್ಲಿ ಅದು ಹೇಗೆ ಸಾಧ್ಯವಾಯಿತು, ಎಲ್ಲಿ ಸೋತಿತು ಎಂಬುದನ್ನು ಅರಿಯದೆ ಹಸಿರು ಚಿತ್ರಕ್ಕೆ ಮರುಳಾಗುವುದು ತರವಲ್ಲ. ಆ ದೃಷ್ಟಿಯಿಂದ ಅಮೆರಿಕದ ನ್ಯೂಯಾರ್ಕ್ ನಗರದ ಒಂದು ನಿದರ್ಶನವನ್ನು ಇಲ್ಲಿ ಪರಿಶೀಲಿಸಬಹುದು.

ನ್ಯೂಯಾರ್ಕ್ ನಗರದ ಐದು ವಿಭಾಗಗಳಲ್ಲಿ ಸ್ಟೇಟನ್ ಐಲೆಂಡ್ ಎಂಬ ದ್ವೀಪವೂ ಒಂದು. ಅದರ ಪಶ್ಚಿಮ ತೀರದಲ್ಲಿ ಫ್ರೆಶ್ ಕಿಲ್ಸ್ ಎಂಬ ಜೌಗುಭೂಮಿ ಇತ್ತು. ಇಲ್ಲಿನ ‘ಕಿಲ್’ ಎಂಬ ಪದ ಡಚ್ ಭಾಷೆಯಿಂದ ಬಂದದ್ದು. ಅದರ ಅರ್ಥ ತೊರೆ. ಸಮುದ್ರದ ಉಬ್ಬರವಿಳಿತಗಳಿಗೆ ತಕ್ಕಂತೆ ತುಂಬುತ್ತ, ಬರಿದಾಗುತ್ತ ಮೀನಿಗೂ ಹಕ್ಕಿಗೂ ಆಸರೆಯಾಗಿದ್ದ ಆ ನೆಲವನ್ನು ಅಂದಿನ ಯೋಜಕರು ನಿರುಪಯುಕ್ತ ಕೆಸರೆಂದು ಬಗೆದರು. 1948ರಲ್ಲಿ ಅಲ್ಲಿಗೆ ನಗರದ ಕಸ ಬರತೊಡಗಿತು. ನಗರದ ಪ್ರಭಾವಿ ಯೋಜಕ ರಾಬರ್ಟ್ ಮೋಸೆಸ್ ಅವರ ಕಾಲದಲ್ಲಿ ರೂಪುಗೊಂಡ ಆ ವ್ಯವಸ್ಥೆ ಕೇವಲ ಮೂರು ವರ್ಷಗಳ ತಾತ್ಕಾಲಿಕ ಏರ್ಪಾಡು ಎಂದು ದ್ವೀಪದ ಜನರನ್ನು ಸಮಾಧಾನಪಡಿಸಲಾಗಿತ್ತು. ಆ ಮೂರು ವರ್ಷ ಐವತ್ತಮೂರು ವರ್ಷಗಳಾಗಿ ಬೆಳೆಯಿತು.

1980ರ ದಶಕದ ನಡುವಿನಲ್ಲಿ, ಅದು ತುತ್ತತುದಿ ಮುಟ್ಟಿದ್ದ ಕಾಲದಲ್ಲಿ, ದಿನವೊಂದಕ್ಕೆ 29,000 ಟನ್ ಕಸ ಅಲ್ಲಿಗೆ ಬರುತ್ತಿತ್ತು. ಜಗತ್ತಿನ ಅತಿ ದೊಡ್ಡ ಕಸದ ತಾಣವೆಂಬ ಅಪಕೀರ್ತಿ ಅದಕ್ಕೆ ಅಂಟಿತು. 2,200 ಎಕರೆಯ ಆ ಪ್ರದೇಶದಲ್ಲಿ ನಾಲ್ಕು ದಿಬ್ಬಗಳು ಎದ್ದವು. ಅವುಗಳಲ್ಲಿ ಎತ್ತರದ್ದು ಸುಮಾರು 200 ಅಡಿ ಮುಟ್ಟಿತು. ದ್ವೀಪವಾಸಿಗಳ ದೀರ್ಘಕಾಲದ ಹೋರಾಟದ ಫಲವಾಗಿ, 2001ರ ಅಂತ್ಯದೊಳಗೆ ತಾಣವನ್ನು ಮುಚ್ಚಲೇಬೇಕೆಂಬ ಕಾನೂನು 1996ರಲ್ಲಿ ಬಂದಿತು. ಕಸ ಹೊತ್ತ ಕೊನೆಯ ದೋಣಿ 2001ರ ಮಾರ್ಚ್ ತಿಂಗಳಲ್ಲಿ ಅಲ್ಲಿಗೆ ತಲುಪಿತು. ಅದೇ ವರ್ಷ ಸೆಪ್ಟೆಂಬರ್ 11ರ ದುರಂತ ಸಂಭವಿಸಿದಾಗ, ಕುಸಿದ ಗೋಪುರಗಳ ಅವಶೇಷಗಳನ್ನು ಶೋಧಿಸುವ ಕಾರ್ಯಕ್ಕಾಗಿ ಅದನ್ನು ಮತ್ತೊಮ್ಮೆ ತೆರೆಯಬೇಕಾಯಿತು. ಹೀಗೆ ಅದು ನಗರದ ಭೋಗದ ಗುರುತನ್ನೂ ನಗರದ ಶೋಕದ ಗುರುತನ್ನೂ ಒಟ್ಟಿಗೆ ಹೊತ್ತ ನೆಲವಾಯಿತು.

ಇಂದು ಅದೇ ನೆಲ ಫ್ರೆಶ್‌ಕಿಲ್ಸ್ ಉದ್ಯಾನವಾಗಿ ಮಾರ್ಪಡುತ್ತಿದೆ. ನ್ಯೂಯಾರ್ಕಿನ ಪ್ರಸಿದ್ಧ ಸೆಂಟ್ರಲ್ ಪಾರ್ಕಿನ ಸುಮಾರು ಮೂರರಷ್ಟು ವಿಸ್ತಾರದ ಈ ಪ್ರದೇಶದಲ್ಲಿ ಕಸ ತುಂಬಿದ್ದು ಅರ್ಧಕ್ಕಿಂತ ಕಡಿಮೆ ಭಾಗದಲ್ಲಿ. ಉಳಿದದ್ದು ತೊರೆ, ಜೌಗು, ಹುಲ್ಲುಗಾವಲು. ಕೆಟ್ಟುಹೋದ ಜೌಗನ್ನು ಸರಿಪಡಿಸುವ ಕಾರ್ಯದಲ್ಲಿ, ನೀರಂಚನ್ನೆಲ್ಲ ಆಕ್ರಮಿಸಿದ್ದ ಎತ್ತರದ ಜೊಂಡುಹುಲ್ಲನ್ನು ಮೇಯಲು 2012ರಲ್ಲಿ ಇಪ್ಪತ್ತು ಆಡುಗಳನ್ನು ಕರೆತಂದದ್ದೂ ಉಂಟು. ಇಂದು ದಿಬ್ಬಗಳ ಮೇಲಿನ ಹುಲ್ಲಿನಲ್ಲಿ ಹಕ್ಕಿಗಳು ಗೂಡು ಕಟ್ಟುತ್ತಿವೆ, ಮೀನುಗಿಡುಗಗಳು ಮರಳಿವೆ. ಅದೇ 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ಸ್ಟೇಟನ್ ಐಲೆಂಡಿನಲ್ಲಿ ಅಪಾರ ಹಾನಿಯುಂಟುಮಾಡಿತು. ಫ್ರೆಶ್‌ಕಿಲ್ಸ್‌ನ ಜೌಗು ಮತ್ತು ದಿಬ್ಬಗಳು ಆಗ ಉಕ್ಕಿ ಬಂದ ನೀರನ್ನು ತಡೆದು, ಹೀರಿ, ಹತ್ತಿರದ ಬಡಾವಣೆಗಳಿಗೆ ಆಸರೆಯಾದುದನ್ನು ಜನರು ಗಮನಿಸಿದರು. ನಿರುಪಯುಕ್ತವೆನಿಸಿದ್ದ ಕೆಸರಿನ ಬೆಲೆ ಅಂದು ತಿಳಿಯಿತು.

ಈ ಕಥೆಯಿಂದ ಮೂರು ಪ್ರಶ್ನೆಗಳನ್ನು ನಾವು ಕಲಿಯಬೇಕು. ಯಾವುದೇ ಊರಿನಲ್ಲಿ ಕಸದ ರಾಶಿಯ ಮೇಲೆ ಉದ್ಯಾನ ನಿರ್ಮಿಸುವ ಯೋಜನೆ ಬಂದಾಗ ಇವನ್ನು ಕೇಳದೆ ಬಿಡಬಾರದು.

ಮೊದಲನೆಯದು, ಹಸಿರಿನ ಕೆಳಗೆ ಏನಿದೆ? ಮಣ್ಣು ಹರಡಿ ಸಸಿ ನೆಟ್ಟ ಮಾತ್ರಕ್ಕೆ ಕಸ ಸಾಯುವುದಿಲ್ಲ. ಅದು ಒಳಗೊಳಗೇ ಕೊಳೆಯುತ್ತ ಮೀಥೇನ್ ಅನಿಲವನ್ನು ಹೊರಬಿಡುತ್ತದೆ. ಅದೇ ನಮ್ಮ ನಗರಗಳ ಕಸದ ರಾಶಿಗಳಿಗೆ ಬೆಂಕಿ ಹೊತ್ತಲು ಕಾರಣವಾಗುವ ಅನಿಲ. ಮಳೆನೀರು ರಾಶಿಯೊಳಗೆ ಇಳಿದರೆ, ಲೀಚೇಟ್ ಎಂದು ಕರೆಯಲಾಗುವ ಕಪ್ಪು ಕೊಳೆನೀರಾಗಿ ಬಾವಿ ಕೆರೆಗಳನ್ನು ಸೇರುತ್ತದೆ. ಫ್ರೆಶ್‌ಕಿಲ್ಸ್‌ನಲ್ಲಿ ದಿಬ್ಬಗಳ ಮೇಲೆ ಪದರ ಪದರವಾಗಿ ಹೊದಿಕೆ ಹಾಸಲಾಗಿದೆ: ಅನಿಲ ಹೊರಹೋಗಲು ಒಂದು ಪದರ, ನೀರು ಇಳಿಯದಂತೆ ಪ್ಲಾಸ್ಟಿಕ್ ಹಾಳೆ, ಮಳೆನೀರು ಬಸಿದು ಹೋಗಲು ಮತ್ತೊಂದು ಪದರ, ಇವೆಲ್ಲವುಗಳ ಮೇಲೆ ರಕ್ಷಣೆಯ ಮಣ್ಣು, ಕೊನೆಗೆ ಗಿಡ ಬೆಳೆಯುವ ಮಣ್ಣು. ಕೊಳೆನೀರನ್ನು ಸಂಗ್ರಹಿಸಿ ಅಲ್ಲಿಯೇ ಶುದ್ಧೀಕರಿಸುತ್ತಾರೆ. ಅನಿಲವನ್ನು ಕೊಳವೆಗಳಲ್ಲಿ ಹಿಡಿದು ಮನೆಗಳ ಬಳಕೆಗೂ ಒದಗಿಸಿದ್ದಾರೆ. ಕಾಣುವ ಉದ್ಯಾನಕ್ಕಿಂತ ಕಾಣದ ಈ ವ್ಯವಸ್ಥೆಯೇ ಅಲ್ಲಿನ ದೊಡ್ಡ ಕೆಲಸ.

ಎರಡನೆಯದು, ಇದನ್ನು ಕಾಯುವವರು ಯಾರು, ಎಷ್ಟು ಕಾಲ? ಫ್ರೆಶ್‌ಕಿಲ್ಸ್ ಮುಚ್ಚಿ ಇಪ್ಪತ್ತೆರಡು ವರ್ಷಗಳಾದ ಮೇಲೆ, 2023ರ ಅಕ್ಟೋಬರ್‌ನಲ್ಲಿ ಉತ್ತರ ಭಾಗದ 21 ಎಕರೆಯಷ್ಟು ಉದ್ಯಾನ ಸಾರ್ವಜನಿಕರಿಗೆ ತೆರೆಯಿತು. ಅಂಚಿನ ಕೆಲವು ಆಟದ ಬಯಲುಗಳು ಅದಕ್ಕೂ ಮೊದಲೇ ಸಿದ್ಧವಾಗಿದ್ದವು. ಇಡೀ ಉದ್ಯಾನ ಪೂರ್ಣಗೊಳ್ಳಲು 2036ನ್ನು ಗುರಿಯಾಗಿಟ್ಟುಕೊಳ್ಳಲಾಗಿದೆ. ಹಣವುಳ್ಳ ನಗರಕ್ಕೇ ಇಷ್ಟು ಕಾಲ ಬೇಕಾಯಿತೆಂದರೆ, ಆರು ತಿಂಗಳಲ್ಲಿ ಉದ್ಘಾಟನೆ ಎಂಬ ಭರವಸೆಯನ್ನು ನಾವು ಹೇಗೆ ನಂಬುವುದು? ಅಮೆರಿಕದ ಕಾನೂನು ಮುಚ್ಚಿದ ಕಸದ ತಾಣವನ್ನು ಸಾಮಾನ್ಯವಾಗಿ 30 ವರ್ಷ ಕಾಯಬೇಕೆನ್ನುತ್ತದೆ. ನಮ್ಮ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಕನಿಷ್ಠ 15 ವರ್ಷಗಳ ಆರೈಕೆಯನ್ನು ವಿಧಿಸಿದವು. ಹಳೆಯ ರಾಶಿಗಳನ್ನು ಮೊದಲು ಬಯೋಮೈನಿಂಗ್ ವಿಧಾನದಿಂದ ಅಗೆದು, ಮಣ್ಣು, ಪ್ಲಾಸ್ಟಿಕ್, ಕಲ್ಲು ಎಂದು ಬೇರ್ಪಡಿಸಲು ಸಾಧ್ಯವೇ ಎಂದು ನೋಡಬೇಕು, ಆಗದಿದ್ದಲ್ಲಿ ಮಾತ್ರ ವೈಜ್ಞಾನಿಕವಾಗಿ ಮುಚ್ಚಬೇಕು ಎಂದೂ ಅವು ಹೇಳಿದವು. ನಿಯಮ ಚೆನ್ನಾಗಿಯೇ ಇದೆ. ಆದರೆ ಹದಿನೈದು ವರ್ಷವೆಂದರೆ ಮೂರು ಚುನಾವಣೆಗಳ ಕಾಲ. ಉದ್ಘಾಟನೆಯ ಫಲಕದಲ್ಲಿ ಹೆಸರಿರುವವರು ಬದಲಾದ ಮೇಲೂ ಬಾವಿಯ ನೀರನ್ನು ಪರೀಕ್ಷಿಸುವ ಕೈಗಳು ಇರಬೇಕು. ಆ ಕೈಗಳಿಗೆ ಸಂಬಳ ಕೊಡುವ ಹಣ ಮೊದಲೇ ಮೀಸಲಾಗಿರಬೇಕು.

ಮೂರನೆಯದು ಅತ್ಯಂತ ಕಠಿಣವಾದ ಪ್ರಶ್ನೆ: ಇಂದಿನ ಕಸ ಎಲ್ಲಿಗೆ ಹೋಗುತ್ತಿದೆ? ಇಲ್ಲಿ ನ್ಯೂಯಾರ್ಕ್ ನಮಗೆ ಮಾದರಿಯಲ್ಲ, ಎಚ್ಚರಿಕೆ. ಫ್ರೆಶ್‌ಕಿಲ್ಸ್ ಮುಚ್ಚಿದ ಮಾತ್ರಕ್ಕೆ ಆ ನಗರದ ಕಸ ಕಡಿಮೆಯಾಗಲಿಲ್ಲ. ಅದು ಲಾರಿಗಳಲ್ಲಿ, ರೈಲುಗಳಲ್ಲಿ ಪೆನ್ಸಿಲ್ವೇನಿಯ, ವರ್ಜೀನಿಯ, ದಕ್ಷಿಣ ಕ್ಯಾರೊಲೈನದಂತಹ ಹೊರರಾಜ್ಯಗಳಿಗೆ ಪ್ರಯಾಣ ಬೆಳೆಸಿತು. ಸ್ಟೇಟನ್ ಐಲೆಂಡಿನ ಜನರು ಐದು ದಶಕ ಅನುಭವಿಸಿದ್ದನ್ನು ಈಗ ಬೇರೊಂದು ಊರಿನ ಜನರು ಅನುಭವಿಸುತ್ತಿದ್ದಾರೆ. ಒಂದು ಊರಿನ ಉದ್ಯಾನ ಇನ್ನೊಂದು ಊರಿನ ಕಸದ ಬೆಟ್ಟವಾದರೆ ಅದು ಪರಿಹಾರವಲ್ಲ, ವರ್ಗಾವಣೆ.

ನಮ್ಮಲ್ಲಿಯೂ ನಡೆದದ್ದು ಇದೇ. ಮಾವಳ್ಳಿಪುರ ಮುಚ್ಚಿದಾಗ ಮಂಡೂರಿನ ಮೇಲೆ ಹೊರೆ ಬಿದ್ದಿತು. ಮಂಡೂರು ನಿಂತಾಗ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಕ್ವಾರಿಗಳತ್ತ ಲಾರಿಗಳು ಹೊರಳಿದವು, ಅಲ್ಲಿನವರೂ ಬೀದಿಗಿಳಿದರು. ಪ್ರತಿ ಬಾರಿಯೂ ಹಳ್ಳಿಯ ಹೆಸರು ಬದಲಾಯಿತು, ಕಸ ಸುರಿಯುವ ರೀತಿ ಬದಲಾಗಲಿಲ್ಲ. ಹಸಿ ಕಸ, ಒಣ ಕಸ, ಆರೋಗ್ಯಕ್ಕೆ ಹಾನಿಕರವಾದ ಕಸ ಇವನ್ನು ಮನೆಯಲ್ಲಿಯೇ ಬೇರ್ಪಡಿಸಲು ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಪಾಲಿಸಬೇಕೆಂದು ಕರ್ನಾಟಕ ಹೈಕೋರ್ಟ್ ಬೆಂಗಳೂರಿನವರಿಗೆ 2015ರಲ್ಲಿಯೇ ಆದೇಶಿಸಿತ್ತು. ನ್ಯಾಯಾಲಯ ಹೇಳಿದ್ದು ದೊಡ್ಡ ತಂತ್ರಜ್ಞಾನವನ್ನಲ್ಲ. ಅಡುಗೆಮನೆಯ ಒಂದು ಅಭ್ಯಾಸವನ್ನು. ಅಂದಿನ ಆ ಮಾತನ್ನು ಪ್ರತಿ ಮನೆಯೂ ಪಾಲಿಸಿದರೆ ಕ್ವಾರಿಗೆ ಹೋಗುವ ಕಸದ ಬಹುಭಾಗ ಊರಿನಲ್ಲಿಯೇ ಗೊಬ್ಬರವಾಗುತ್ತದೆ. ಏಕೆಂದರೆ ನಮ್ಮ ಮನೆಗಳ ಕಸದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಸಿಪ್ಪೆ, ಅನ್ನ, ಎಲೆ, ಹೂವು. ಮೀಥೇನ್ ಮತ್ತು ಕೊಳೆನೀರು ಹುಟ್ಟುವುದೂ ಮುಖ್ಯವಾಗಿ ಈ ಹಸಿ ಕಸದಿಂದಲೇ.

ನ್ಯೂಯಾರ್ಕ್ ಕೂಡ ತಡವಾಗಿಯಾದರೂ ಇದನ್ನು ಮನಗಂಡಂತಿದೆ. 2024ರ ಅಕ್ಟೋಬರ್‌ನಿಂದ ಅಲ್ಲಿನ ಮನೆಗಳವರು ಹಸಿ ಕಸವನ್ನು ಪ್ರತ್ಯೇಕಿಸುವುದು ಕಡ್ಡಾಯವಾಯಿತು. ಸ್ಟೇಟನ್ ಐಲೆಂಡಿನ ಗೊಬ್ಬರ ತಯಾರಿಕಾ ಕೇಂದ್ರ ಇರುವುದು ಇದೇ ಫ್ರೆಶ್‌ಕಿಲ್ಸ್ ಪ್ರದೇಶದಲ್ಲಿ. ಕಸ ಹೂತ ನೆಲದ ಬಳಿಯಲ್ಲಿಯೇ ಕಸ ಮಣ್ಣಾಗಿ ಜನರ ಕೈಗೆ ಮರಳುತ್ತಿದೆ. ಉದ್ಯಾನಕ್ಕಿಂತ ಹೆಚ್ಚಿನ ಭರವಸೆ ನನಗೆ ಕಾಣುವುದು ಈ ಸಂಗತಿಯಲ್ಲಿ.

ಈ ಮಾತು ನಮ್ಮ ಅಂಗಳಕ್ಕೂ ಅನ್ವಯಿಸುತ್ತದೆ. ಜಾತ್ರೆ, ಸ್ಮರಣೋತ್ಸವ, ಮದುವೆಗಳಲ್ಲಿ ಸಾವಿರಾರು ಜನರಿಗೆ ದಾಸೋಹ ನಡೆಯುತ್ತದೆ. ಪಂಕ್ತಿ ಎದ್ದ ಮೇಲೆ ಉಳಿಯುವ ಎಲೆ, ಅನ್ನ, ಪ್ಲಾಸ್ಟಿಕ್ ಲೋಟ, ನೀರಿನ ಬಾಟಲಿ ಎಲ್ಲವೂ ಒಂದೇ ಟ್ರ್ಯಾಕ್ಟರಿಗೆ ಸೇರಿದರೆ ಅದು ಯಾವುದೋ ಹಳ್ಳಿಯ ಗೋಮಾಳದಲ್ಲಿ ಮತ್ತೊಂದು ಚಿಕ್ಕ ಮಂಡೂರನ್ನು ಕಟ್ಟುತ್ತದೆ. ಎಲೆ ಮತ್ತು ಅನ್ನವನ್ನು ಬೇರೆಯಾಗಿ ಗೊಬ್ಬರದ ಗುಂಡಿಗೆ ಹಾಕುವುದು, ಪ್ಲಾಸ್ಟಿಕ್ ಲೋಟದ ಬದಲು ಸ್ಟೀಲ್ ಲೋಟ ಇಡುವುದು ಕಷ್ಟದ ಕೆಲಸವೇನೂ ಅಲ್ಲ. ಅನ್ನ ನೀಡಿದ ಕೈಯೇ ಎಲೆಯ ಹೊಣೆಯನ್ನೂ ಹೊರಬೇಕು. ಆಗಲೇ ದಾಸೋಹ ಪೂರ್ಣವಾಗುತ್ತದೆ. ನಾವು ಬೆರೆಸಿ ಎಸೆದುದನ್ನು ಬರಿಗೈಯಲ್ಲಿ ಬೇರ್ಪಡಿಸುವ ಪೌರಕಾರ್ಮಿಕರ ಕಾಯಕಕ್ಕೆ ನಾವು ಸಲ್ಲಿಸಬಹುದಾದ ಗೌರವ ಸನ್ಮಾನದ ಶಾಲಿಗಿಂತ ಮೊದಲು ಇದೇ ಆಗಿದೆ.

ಕಸದ ರಾಶಿಗಳಿರುವ ನಮ್ಮ ಊರುಗಳಲ್ಲಿಯೂ ಒಂದು ದಿನ ಉದ್ಯಾನಗಳು ಅರಳಲಿ, ಕೆರೆಯಂಚಿನ ಜೌಗಿಗೆ ಹಕ್ಕಿಗಳು ಮರಳಲಿ ಎಂಬುದೇ ಎಲ್ಲರ ಆಶಯ. ಆದರೆ ಆ ಯೋಜನೆ ರೂಪುಗೊಳ್ಳುವಾಗ ಮೊದಲ ಕುರ್ಚಿ ಸಿಗಬೇಕಾದದ್ದು ವರ್ಷಗಟ್ಟಲೆ ಆ ವಾಸನೆಯಲ್ಲಿ ಉಸಿರಾಡಿದ ಗ್ರಾಮಸ್ಥರಿಗೆ. ಬಾವಿಯ ನೀರು ಶುದ್ಧವಾಯಿತೆಂಬ ಪರೀಕ್ಷೆಯ ಫಲಿತಾಂಶ ಮೊದಲು ಅವರ ಕೈ ಸೇರಲಿ. ಉದ್ಯಾನದ ಬಾಗಿಲು ಅನಂತರ ತೆರೆಯಲಿ. ತಮ್ಮ ಊರಿನ ಸ್ಥಳೀಯ ಸಂಸ್ಥೆಯ ಸಭೆಗಳಿಗೆ ಹೋಗುವ ಭಕ್ತರು ಈ ಮೂರು ಪ್ರಶ್ನೆಗಳನ್ನು ವಿನಯದಿಂದ, ಆದರೆ ಬಿಡದೆ ಕೇಳಬೇಕು. ಹಾಗೆ ಕೇಳುವ ಮುನ್ನ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಬುಟ್ಟಿಗಳು ಎಷ್ಟಿವೆ ಎಂಬುದನ್ನೂ ಒಮ್ಮೆ ನೋಡಿಕೊಳ್ಳೋಣ.